ನೂರು ವರ್ಷ ತಡವಾಗಿ ಬಂದ ಬಿಸಿಲು

ಅರಬ್ ನಾಡು ಅಂದ ಕೂಡಲೇ ನೆನಪಾಗೋದು ಎಣ್ಣೆ. ಆದರೆ ಬಿಸಿಲಿನಿಂದ ಯಂತ್ರ ಓಡಿಸುವ ಕೆಲಸ ಅಲ್ಲಿ ಶುರುವಾಗಿ ನೂರು ವರ್ಷ ದಾಟಿದೆ, ಗೊತ್ತಾ?

1913ರಲ್ಲಿ ಕೈರೋ ಹತ್ತಿರದ ಮಾದಿಯಲ್ಲಿ ಅಮೆರಿಕದ ಫ್ರಾಂಕ್ ಶೂಮನ್ ದೋಣಿಯಂತೆ ಬಾಗಿದ ಉದ್ದನೆಯ ಕನ್ನಡಿಗಳನ್ನು ನಿಲ್ಲಿಸಿದ. ಬಿಸಿಲಿಗೆ ಕೊಳವೆಯ ನೀರು ಆವಿಯಾಗಿ, ಪಂಪು ಓಡಿ, ನೈಲ್ ನೀರು ಹೊಲಕ್ಕೆ ಹರಿಯಿತು. ಈಜಿಪ್ಟಿಗೆ ಕಲ್ಲಿದ್ದಲು ಹೊರಗಿನಿಂದ ಬರಬೇಕಿತ್ತು, ದುಬಾರಿ. ಹಾಗಾಗಿ ಲಂಡನ್ನಿನವರು ಈ ಕೆಲಸಕ್ಕೆ ಹಣ ಹಾಕಿದ್ದರು. 1914ರಲ್ಲಿ ಮಹಾಯುದ್ಧ ಬಂತು. 1918ರಲ್ಲಿ ಶೂಮನ್ ತೀರಿಕೊಂಡ. ಆಮೇಲೆ ಅಗ್ಗದ ಎಣ್ಣೆಯ ಕಾಲ... ಕನ್ನಡಿಗಳನ್ನು ಕೇಳುವವರೇ ಇಲ್ಲ!

ಅಂಥದೇ ಬಾಗಿದ ಕನ್ನಡಿಗಳು ಮುಂದೆ ಮೊರಾಕೊದಲ್ಲೂ ದೊಡ್ಡದಾಗಿ ಎದ್ದವು. ಸ್ವಂತ ಎಣ್ಣೆಯಿಲ್ಲದ ಈ ದೇಶ ಶೇ. 90ಕ್ಕೂ ಹೆಚ್ಚು ಇಂಧನವನ್ನು ಹೊರಗಿನಿಂದ ಕೊಳ್ಳುತ್ತಿತ್ತು. 2010ರಲ್ಲಿ ಅದು ಹೊಸ ಕಾನೂನು ಮಾಡಿ, 'ಮಾಸೆನ್' ಎಂಬ ಸರ್ಕಾರಿ ಸಂಸ್ಥೆ ಕಟ್ಟಿತು. ಮಾಸೆನ್ ವಿಶ್ವಬ್ಯಾಂಕ್, ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ ಮುಂತಾದವುಗಳಿಂದ ಕಡಿಮೆ ಬಡ್ಡಿಯ ಸಾಲ ತಂದಿತು. 25 ವರ್ಷ ವಿದ್ಯುತ್ ಕೊಳ್ಳುವ ಕರಾರನ್ನೂ ಮಾಡಿಕೊಂಡಿತು. 2016ರ ಫೆಬ್ರವರಿಯಲ್ಲಿ ವರ್ಜಾಜಾತ್‌ನಲ್ಲಿ 160 ಮೆಗಾವ್ಯಾಟ್‌ನ 'ನೂರ್-1' ಉದ್ಘಾಟನೆಯಾಯ್ತು. ನೂರ್ ಅಂದರೆ ಬೆಳಕು.

ಆದರೆ ಮಾಸೆನ್ ಕೊಳ್ಳುವ ಬೆಲೆ ಹೆಚ್ಚು, ಮಾರುವ ಬೆಲೆ ಕಡಿಮೆ. ನಡುವಿನ ನಷ್ಟ ಸರ್ಕಾರದ ತಲೆ ಮೇಲೆ. ಬಿಸಿಲೇನೋ ಪುಕ್ಕಟೆ, ಅದನ್ನು ಹಿಡಿಯೋ ಖರ್ಚು ಇಷ್ಟು ವರ್ಷ ಯಾರು ಹೊರಬೇಕು? ನೀವೇನಂತೀರಿ?