ಇಲಿ ಬಿದ್ದ ಊರು, ಬೇಲಿ ಹಾಕಿದ ಊರು

‘ಇಲಿ ಬಿತ್ತು’. ಒಂದು ಕಾಲಕ್ಕೆ ಹಳೆ ಮೈಸೂರಿನ ಹಳ್ಳಿಗಳಲ್ಲಿ ಇಡೀ ಊರನ್ನು ಖಾಲಿ ಮಾಡಿಸಲು ಈ ಎರಡು ಪದ ಸಾಕಾಗಿದ್ದವು. ಅಟ್ಟದಿಂದಲೋ ಕಾಳಿನ ವಾಡೆಯ ಸಂದಿಯಿಂದಲೋ ಇಲಿಯೊಂದು ತೂರಾಡುತ್ತ ಬಂದು ನಡುಮನೆಯಲ್ಲಿ ಬಿದ್ದು ಸತ್ತರೆ, ಆ ಸುದ್ದಿ ಬೀದಿಗೆ ಮುಟ್ಟುವುದಕ್ಕೆ ತಡವಾಗುತ್ತಿರಲಿಲ್ಲ. ಪಾತ್ರೆ ಪಡಗ, ಚಾಪೆ ಕಂಬಳಿ, ದನಕರುಗಳ ಸಮೇತ ಜನ ಹೊಲದ ಕಡೆ ಹೊರಡುತ್ತಿದ್ದರು. ಅಲ್ಲಿ ಸೋಗೆ, ಹುಲ್ಲು, ತಡಿಕೆಗಳಿಂದ ಕಟ್ಟಿದ ಗುಡಿಸಲುಗಳೇ ಎರಡು ಮೂರು ತಿಂಗಳ ಮನೆ. ಪ್ಲೇಗಿನ ಗುಡಿಸಲು ಎಂದು ಕೆಲವರು, ಷೆಡ್ಡು ಎಂದು ಕೆಲವರು ಅದನ್ನು ಕರೆದರು.

ಸಾಂಕ್ರಾಮಿಕವೊಂದು ಜನರ ದಿನನಿತ್ಯದ ಬದುಕನ್ನು ಶಾಶ್ವತವಾಗಿ ಬದಲಿಸುತ್ತದೆಯೇ? ಕೋವಿಡ್ ಬಂದ 2020ರಲ್ಲಿ ಎಲ್ಲರ ಬಾಯಲ್ಲೂ ಈ ಪ್ರಶ್ನೆಯಿತ್ತು. ‘ಇನ್ನು ಮುಂದೆ ಯಾವುದೂ ಮೊದಲಿನಂತೆ ಇರುವುದಿಲ್ಲ’ ಎಂದು ತಿಳಿದವರೂ ಹೇಳಿದರು, ತಿಳಿಯದವರೂ ಹೇಳಿದರು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಒಣ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಇಂಥ ರೋಗಗಳಲ್ಲಿ ಕೆಲವು ಗುರುತು ಬಿಟ್ಟು ಹೋದವು, ಕೆಲವು ಬಂದದ್ದೇ ಮರೆತುಹೋಯಿತು.

ಪ್ಲೇಗು 1896ರಲ್ಲಿ ಮುಂಬಯಿಗೆ ಬಂತು. ಅಲ್ಲಿಂದ ರೈಲು ಮಾರ್ಗ ಹಿಡಿದು ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ. ಹುಬ್ಬಳ್ಳಿ–ಬೆಂಗಳೂರು ರೈಲು ಹಾಯುತ್ತಿದ್ದುದು ತುಮಕೂರಿನ ಮೇಲೆಯೇ. ಪೂರ್ವಕ್ಕೆ ಹಿಂದೂಪುರದ ಮೂಲಕ ಇನ್ನೊಂದು ಮಾರ್ಗವಿತ್ತು. ಈ ಎರಡು ಹಳಿಗಳ ನಡುವಿನ ನಾಲ್ಕು ತಾಲ್ಲೂಕುಗಳಲ್ಲಿ ಆಗ ಒಂದು ರೈಲು ನಿಲ್ದಾಣವೂ ಇರಲಿಲ್ಲ. ಆದರೆ ರೋಗ ರೈಲಿನಿಂದಿಳಿದು ಎತ್ತಿನ ಗಾಡಿ ಹತ್ತುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಕಾಳಿನ ಚೀಲ, ಬಟ್ಟೆಯ ಗಂಟು, ಸಂತೆಯ ಸರಕು ಎಲ್ಲಿಗೆ ಹೋಗುತ್ತವೋ ಇಲಿಯೂ ಅಲ್ಲಿಗೆ ಹೋಗುತ್ತದೆ. ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಹಬ್ಬಿದ ಪ್ಲೇಗಿಗೆ ತುಮಕೂರು ಸೀಮೆ ಹೊರತಾಗಲಿಲ್ಲ.

ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರು, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಪ್ಲೇಗ್ ಕಮಿಷನರ್ ಎಂಬ ಹೊಸ ಹುದ್ದೆಗೆ ಬಂದವರು ಮುಂದೆ ದಿವಾನರೂ ಆದ ವಿ.ಪಿ. ಮಾಧವರಾವ್. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಬೇರೆ ಇಡುವ ಕ್ಯಾಂಪುಗಳು, ಹೆಂಚು ತೆಗೆದು ಮನೆಯೊಳಗೆ ಬಿಸಿಲು ಬಿಡಿಸುವುದು, ಸೋಂಕು ತಗುಲಿದ ಸಾಮಾನು ಸುಡುವುದು ಎಲ್ಲವೂ ನಡೆದವು. ಸರಕಾರದ ಆಳು ಅಡುಗೆಮನೆಯ ತನಕ ಬಂದದ್ದು ಜನರಿಗೆ ಸಹಿಸಲಿಲ್ಲ. ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಗುಟ್ಟಾಗಿ ಸಾಗಿಸಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿ ದೊಂಬಿಯೇ ಆಯಿತು. ಬಲವಂತದಿಂದ ಕೆಲಸವಾಗದೆಂದು ಅರಿತ ಮೇಲೆ ಸರಕಾರದ ಬಿಗಿಯೂ ಕ್ರಮೇಣ ಸಡಿಲವಾಯಿತು.

ಆದರೆ ಆಶ್ಚರ್ಯದ ಸಂಗತಿಯೆಂದರೆ, ಸರಕಾರ ಹೇಳಿದ್ದರಲ್ಲಿ ಒಂದನ್ನು ಮಾತ್ರ ಜನ ತಮ್ಮದನ್ನಾಗಿ ಮಾಡಿಕೊಂಡರು. ಅದು ಊರು ಬಿಡುವುದು.

ಊರು ಬಿಟ್ಟರೆ ರೋಗ ಬಿಡುತ್ತದೆ ಎಂಬುದು ಬರಿಯ ನಂಬಿಕೆಯಾಗಿರಲಿಲ್ಲ. ಪ್ಲೇಗಿನ ಸೂಕ್ಷ್ಮಜೀವಿಯನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹೊತ್ತು ತರುತ್ತದೆ ಎಂದು ಸಿಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. ಅದು ಎಲ್ಲರೂ ಒಪ್ಪುವ ಮಾತಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಇಲಿ ಸತ್ತೊಡನೆ ಚಿಗಟ ಅದರ ತಣ್ಣಗಾದ ಮೈ ಬಿಟ್ಟು ಬೇರೆ ಬಿಸಿ ಮೈ ಹುಡುಕುತ್ತದೆ. ಮನೆಯಲ್ಲಿ ಮನುಷ್ಯರಿಲ್ಲ, ಇಲಿಗಳೂ ಸತ್ತಿವೆ ಎಂದಾದರೆ ಕೆಲವು ವಾರಗಳಲ್ಲಿ ಅದು ಹಸಿದು ಸಾಯುತ್ತದೆ. ಬಿಸಿಲು ಹೆಚ್ಚಿದಂತೆ ಇನ್ನೂ ಬೇಗ. ಈ ಸೀಮೆಯ ಒಣ ಬೇಸಿಗೆಯೇ ಒಂದು ಔಷಧಿ. ಬೀಗ ಹಾಕಿ ಹೊಲಕ್ಕೆ ಹೋದ ರೈತನಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ, ಆದರೆ ಅವನು ಮಾಡಿದ್ದು ಸರಿಯಾಗಿತ್ತು.

ಮಳೆ ಕಳೆದು ಚಳಿ ಹಿಡಿಯುವಾಗ ಪ್ಲೇಗು ಜೋರಾಗುತ್ತಿತ್ತು. ರಾಗಿಯ ಕೊಯ್ಲು, ಕಣ ಮಾಡುವ ದಿನಗಳೂ ಅವೇ. ವರ್ಷದ ಕಾಳು ಮನೆಗೆ ಬರಬೇಕಾದ ಹೊತ್ತಿಗೆ ಮನೆಗೇ ಬೀಗ. ರಾಗಿಯನ್ನು ನೆಲದಡಿಯ ಹಗೇವಿಗೆ ತುಂಬಿದವನು ನೆಮ್ಮದಿಯಾಗಿದ್ದ. ಮನೆಯೊಳಗಿನ ವಾಡೆಯಲ್ಲಿ ಇಟ್ಟವನು ಬಿಟ್ಟು ಹೋಗಬೇಕಿತ್ತು. ಹೊಲ, ತೋಪು ಇದ್ದವರಿಗೆ ಗುಡಿಸಲು ಹಾಕಲು ಸ್ವಂತ ನೆಲವಿತ್ತು. ಜೀತಕ್ಕಿದ್ದವರು, ಅಂಗೈ ಅಗಲದ ಜಮೀನೂ ಇಲ್ಲದವರು ಇನ್ನೊಬ್ಬರ ಬದುವಿನ ಮೇಲೆ ಜಾಗ ಕೇಳಬೇಕಿತ್ತು. ಹೊಲದಲ್ಲೂ ಕೇರಿಗಳು ಬೇರೆ ಬೇರೆಯೇ. ಪ್ಲೇಗು ಜಾತಿ ನೋಡಲಿಲ್ಲ ಎನ್ನುವ ಮಾತು ಅರ್ಧ ಸತ್ಯ. ಗುಡಿಸಲುಗಳ ಸಾಲು ಅದನ್ನು ನೋಡಿಯೇ ಎದ್ದಿತು.

ಈ ಊರು ಬಿಡುವ ಬದುಕನ್ನು ಹತ್ತಿರದಿಂದ ಕಾಣಬೇಕೆಂದರೆ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು ಓದಬೇಕು. ಅದರ ಸೀಮೆ ಇದೇ ಜಿಲ್ಲೆಯ ತಿಪಟೂರು ಮತ್ತು ಅದರ ನೆರೆಯ ಚನ್ನರಾಯಪಟ್ಟಣದ ಕಡೆಯದು. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು ಬರೆದ ಪುಸ್ತಕ ಅದು. ಪ್ಲೇಗು ಎಂದರೆ 1898ರ ಮಾತು ಮಾತ್ರವಲ್ಲ, 1940ರ ಸುಮಾರಿಗೂ ಅದು ಮನೆಗಳನ್ನು ತೆಗೆಯುತ್ತಿತ್ತು ಎಂಬುದಕ್ಕೆ ಅವರ ಬಾಲ್ಯವೇ ಸಾಕ್ಷಿ. ಡಿ.ಡಿ.ಟಿ. ಪುಡಿ ಮತ್ತು ಹೊಸ ಔಷಧಿಗಳು ಬಂದ ಮೇಲೆಯೇ ಇಲಿ ಬಿದ್ದರೆ ಎದೆ ನಡುಗುವುದು ತಪ್ಪಿದ್ದು.

ಏನು ಉಳಿಯಿತು?

ಬೆಂಗಳೂರಿನಲ್ಲಿ ಗುರುತುಗಳು ಎದ್ದು ಕಾಣುತ್ತವೆ. ಪೇಟೆಯ ಇಕ್ಕಟ್ಟಿಗೆ ಹೆದರಿದ ಜನ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಹೋದರು. ದಂಡಿನಲ್ಲಿ ಫ್ರೇಜರ್ ಟೌನ್ ಎದ್ದದ್ದೇ ಪ್ಲೇಗು ತಾಗದ ಊರು ಕಟ್ಟಬೇಕೆಂಬ ಲೆಕ್ಕದಿಂದ. ಪ್ಲೇಗು ನಿವಾರಣೆಯ ಕೆಲಸಕ್ಕೆಂದು ಎಳೆದ ಟೆಲಿಫೋನ್ ತಂತಿ ಪ್ಲೇಗು ಹೋದ ಮೇಲೆ ಯಾರೂ ಬಿಚ್ಚಲಿಲ್ಲ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಹುಟ್ಟಿತು. ಅಗಲ ಬೀದಿ, ಮನೆಯ ನಾಲ್ಕು ಸುತ್ತಲೂ ಜಾಗ, ಗೋಡೆಗೆ ಕಿಟಕಿ, ಹಿಂದೆ ಜಾಡಮಾಲಿಯ ಓಣಿ: ಇವನ್ನೆಲ್ಲ ಇಂದು ‘ಒಳ್ಳೆಯ ಬಡಾವಣೆ’ಯ ಲಕ್ಷಣ ಎನ್ನುತ್ತೇವೆ. ಅವುಗಳ ಹಿಂದೆ ಇಲಿಯ ಭಯವಿತ್ತು ಎಂಬುದು ನೆನಪಿಲ್ಲ.

ಹಳ್ಳಿಯ ಕಡೆ ಲೆಕ್ಕ ಅಷ್ಟು ಸುಲಭವಲ್ಲ. ಕಂದಾಯ ದಾಖಲೆಯಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತುಂಟು. ಹೆಸರಿದೆ, ಸರ್ವೆ ನಂಬರಿದೆ, ಜನವಿಲ್ಲ. ಹಾಳೂರಿನ ದಿಬ್ಬ, ಒಂಟಿ ಗುಡಿ, ಹೂತ ಬಾವಿ ಕಂಡಲ್ಲೆಲ್ಲ ‘ಪ್ಲೇಗು ಬಂದು ಊರು ಎದ್ದುಹೋಯಿತು’ ಎನ್ನುವುದು ರೂಢಿ. ಆದರೆ ಪ್ಲೇಗಿಗೆ ಇಪ್ಪತ್ತು ವರ್ಷ ಮೊದಲು, 1876–78ರ ಧಾತು ಈಶ್ವರ ಬರ ಈ ಸಂಸ್ಥಾನವನ್ನು ತೊಳೆದುಹಾಕಿತ್ತು. 1871ರ ಜನಗಣತಿಯಲ್ಲಿ 50.5 ಲಕ್ಷ ಇದ್ದ ಮೈಸೂರಿನ ಜನ 1881ರಲ್ಲಿ 41.8 ಲಕ್ಷಕ್ಕೆ ಇಳಿದಿದ್ದರು. ಹಾಳೂರುಗಳೆಲ್ಲವನ್ನೂ ಪ್ಲೇಗಿನ ಖಾತೆಗೆ ಬರೆಯುವುದು ಬರಕ್ಕೆ ಮಾಡುವ ಅನ್ಯಾಯ.

ದೇವರಿಗೂ ಪ್ಲೇಗು ಹೊಸ ಹೆಸರು ಕೊಟ್ಟಿತು. ಬೆಂಗಳೂರು, ಕೋಲಾರದ ಕಡೆ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಸಿಡುಬಿಗೆ ‘ಅಮ್ಮ’ ಎಂದು ಕೈಮುಗಿಯುತ್ತಿದ್ದ ಜನರಿಗೆ ಇದು ಹೊಸದೇನಲ್ಲ. ಮಾರಮ್ಮನಿಲ್ಲದ ಊರು ಈ ನಾಲ್ಕು ತಾಲ್ಲೂಕುಗಳಲ್ಲೂ ಕಡಿಮೆ. ಮಧುಗಿರಿಯ ದಂಡಿನ ಮಾರಮ್ಮನಿಗೆ ಸುತ್ತಲ ಸೀಮೆಯೆಲ್ಲ ನಡೆದುಕೊಳ್ಳುತ್ತದೆ. 2021ರಲ್ಲಿ ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮ ನೆಲೆಗೊಂಡಾಗ ನಕ್ಕವರು ಈ ಹಳೆಯ ಸಾಲನ್ನು ಮರೆತಿದ್ದರು.

ಪ್ಲೇಗಿಗಿಂತ ಘೋರವಾದ ಇನ್ನೊಂದು ರೋಗ ಮಾತ್ರ ಗುಡಿಯನ್ನೂ ಬಿಡಲಿಲ್ಲ, ಬಡಾವಣೆಯನ್ನೂ ಬಿಡಲಿಲ್ಲ. ಅದು 1918ರ ಇನ್‌ಫ್ಲುಯೆಂಜಾ. ಭಾರತದಲ್ಲಿ ಪ್ಲೇಗು ಎರಡು ದಶಕಕ್ಕೂ ಹೆಚ್ಚು ಕಾಲದಲ್ಲಿ ತೆಗೆದುಕೊಂಡ ಜೀವಗಳು ಸುಮಾರು 1 ಕೋಟಿ 20 ಲಕ್ಷ. ಇನ್‌ಫ್ಲುಯೆಂಜಾ ಕೆಲವೇ ತಿಂಗಳುಗಳಲ್ಲಿ ಅಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಮುಗಿಸಿತು. ಮಳೆ ಕೈಕೊಟ್ಟು, ಯುದ್ಧದಿಂದ ಧಾನ್ಯದ ಬೆಲೆ ಏರಿದ್ದ ವರ್ಷ ಅದು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆಯೇ ಇಳಿಯಿತು. ಆದರೂ ಅಜ್ಜಿಯರ ಮಾತಿನಲ್ಲಿ ಉಳಿದದ್ದು ಪ್ಲೇಗು, ಇನ್‌ಫ್ಲುಯೆಂಜಾ ಅಲ್ಲ. ಪ್ಲೇಗು ವರ್ಷ ವರ್ಷವೂ ಬಂದು ಏನಾದರೂ ಮಾಡು ಎಂದು ಕೇಳಿತು. ಊರು ಬಿಡಬೇಕಿತ್ತು, ಗುಡಿಸಲು ಹಾಕಬೇಕಿತ್ತು, ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಒಂದು ತಲೆಮಾರು ಮಾಡಿದ್ದನ್ನು ಮುಂದಿನ ತಲೆಮಾರು ಕಲಿಯಿತು. ಇನ್‌ಫ್ಲುಯೆಂಜಾ ಒಂದೇ ಹಂಗಾಮಿನಲ್ಲಿ ಬಂದು ಹೋಯಿತು. ಅದರಿಂದ ಕಲಿಯಲು ಏನೂ ಇರಲಿಲ್ಲ, ಅಳಲು ಮಾತ್ರ ಇತ್ತು.

ತಿರುಗಿದ ದಾರಿ

ಕೋವಿಡ್ ಈ ಸೀಮೆಗೆ ಬಂದದ್ದೂ ದೂರದ ರೈಲಿನಿಂದಲೇ. ತುಮಕೂರು ಜಿಲ್ಲೆಯ ಮೊದಲ ಕೋವಿಡ್ ಸಾವು 2020ರ ಮಾರ್ಚ್ 27ರಂದು. ತೀರಿಕೊಂಡವರು ಶಿರಾ ಕಡೆಯವರು, ರೈಲಿನಲ್ಲಿ ಪ್ರಯಾಣ ಮಾಡಿ ಬಂದಿದ್ದವರು. ಅದಕ್ಕೆ ಎರಡು ವಾರ ಮೊದಲು ರಾಜ್ಯ ಸರಕಾರ ನಿಯಮಾವಳಿ ಹೊರಡಿಸಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ. ಮುಂಬಯಿಯ ಪ್ಲೇಗಿಗೆ ಬ್ರಿಟಿಷರು ತರಾತುರಿಯಲ್ಲಿ ಮಾಡಿದ ಕಾಯ್ದೆ 123 ವರ್ಷಗಳ ಮೇಲೂ ಉಪಯೋಗಕ್ಕೆ ಬಂತು. ಪ್ಲೇಗು ಬಿಟ್ಟುಹೋದ ಗಟ್ಟಿ ಗುರುತುಗಳಲ್ಲಿ ಇದೂ ಒಂದು.

ಆದರೆ ಜನ ನಡೆದ ದಿಕ್ಕು ತಿರುಗಿತ್ತು. ಪ್ಲೇಗಿನಲ್ಲಿ ಊರು ಬಿಟ್ಟವನು ಬದುಕಿದ. ಕೋವಿಡ್‌ನಲ್ಲಿ ಊರು ಸೇರಿದವನು ಬದುಕಿದ ಎಂದು ಜನ ನಂಬಿದರು. ಮಳೆ ನಂಬದ ಪಾವಗಡ, ಮಧುಗಿರಿ, ಶಿರಾಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ, ಹೋಟೆಲಿಗೆ ಹೋದವರು ಬಹಳ. ಲಾಕ್‌ಡೌನ್ ಆದಾಗ ಅವರು ಗಂಟು ಮೂಟೆ ಕಟ್ಟಿ ಹೊರಟರೆ, ರಾಜ್ಯದ ಎಷ್ಟೋ ಹಳ್ಳಿಗಳು ಊರ ಬಾಗಿಲಿಗೆ ಮುಳ್ಳು ಕಡಿದು ಹಾಕಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ತೂಗುಹಾಕಿದವು. ಬೇಲಿಯ ಆಚೆ ನಿಂತವನು ಅದೇ ಊರಿನ ಮಗ. ಮೂರು ಕಡೆ ಆಂಧ್ರ ಸುತ್ತಿರುವ ಪಾವಗಡಕ್ಕೆ ಗಡಿಯ ತಡೆ ಬೇರೆ. ಸಂತೆಗೂ ಸಂಬಂಧಕ್ಕೂ ಆ ಕಡೆ ಈ ಕಡೆ ಎನ್ನದ ಜನ ಚೆಕ್‌ಪೋಸ್ಟಿನ ಮುಂದೆ ಮೊದಲ ಬಾರಿಗೆ ಬೇರೆ ರಾಜ್ಯದವರಾದರು.

ಊರಿಗೆ ಬಂದವರು ಅಲ್ಲೇ ನಿಲ್ಲುತ್ತಾರೆ, ಬೇಸಾಯ ಚಿಗುರುತ್ತದೆ ಎಂದು ಆಗ ಬರೆದವರು ಬಹಳ ಮಂದಿ. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನು ಕೋವಿಡ್‌ಗೆ ಮೊದಲೇ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು. ಜಮೀನು ಇದ್ದವನಿಗೆ ವರ್ಷದ ಬಾಡಿಗೆ, ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನೂ ಇಲ್ಲ. ಅವನು ಬಸ್ಸು ಬಿಟ್ಟೊಡನೆ ಮತ್ತೆ ಬೆಂಗಳೂರಿಗೆ ಹೊರಟ.

ಉಳಿದ ಬದಲಾವಣೆಗಳೂ ಹಾಗೆಯೇ ಕರಗಿದವು. 2020ರ ಜೂನ್ 8ಕ್ಕೆ ದೇವಸ್ಥಾನಗಳ ಬಾಗಿಲು ತೆರೆದವು. ಪಾವಗಡದ ಶನಿಮಹಾತ್ಮನಿಗೂ ಕೊರಟಗೆರೆಯ ಗೊರವನಹಳ್ಳಿ ಲಕ್ಷ್ಮಿಗೂ ಭಕ್ತರ ನೂಕುನುಗ್ಗಲು ಮರಳಿತು. ಅದೇ ನವೆಂಬರ್ 3ರಂದು, ಲಸಿಕೆ ಇನ್ನೂ ಜನರ ಕೈಗೆ ಬಾರದ ದಿನಗಳಲ್ಲಿ, ಶಿರಾ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ನಡೆದಾಗ ಶೇಕಡಾ 80ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಐವತ್ತು ಜನರ ಮದುವೆ ಮತ್ತೆ ಐನೂರಾಯಿತು. ಮುಖಗವುಸು ಬೀರುವಿನ ಮೂಲೆ ಸೇರಿತು. ಹೂವಿನ ಬುಟ್ಟಿಯ ಮೇಲೂ ಕಾಣುವ ಫೋನ್‌ಪೇ ಚೀಟಿ ಉಳಿಯಿತು, ನಿಜ. ಆದರೆ ಅದು ಬರುವ ದಾರಿಯಲ್ಲಿಯೇ ಇತ್ತು, ರೋಗ ಅದನ್ನು ಬೇಗ ತಂದಿತು ಅಷ್ಟೆ. ಈ ಲೆಕ್ಕದಲ್ಲಿ ಕೋವಿಡ್ ಪ್ಲೇಗಿಗಿಂತ ಇನ್‌ಫ್ಲುಯೆಂಜಾಕ್ಕೆ ಹತ್ತಿರ.

ಆದರೆ ಒಂದು ಕಡೆ ಹಾಗಲ್ಲ. ಈ ನಾಲ್ಕು ತಾಲ್ಲೂಕುಗಳು ಸೇರಿ ಆಗಿರುವುದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. 2020ರ ಮಾರ್ಚಿನಲ್ಲಿ ಇಲ್ಲಿಯ ಶಾಲೆಗಳಿಗೂ ರಾಜ್ಯದ ಎಲ್ಲ ಶಾಲೆಗಳಂತೆ ಬೀಗ ಬಿತ್ತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟರು ಊರೂರಿಗೆ ಹೋಗಿ ಅರಳಿಕಟ್ಟೆಯಲ್ಲಿ, ಗುಡಿಯ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವ ಯೋಜನೆ. ಪ್ಲೇಗಿನ ಗುಡಿಸಲಿನಂತೆ ಅದೂ ಬಯಲನ್ನು ನಂಬಿದ ಉಪಾಯ, ಹಳ್ಳಿಗೆ ಒಪ್ಪುವಂಥದು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದ ಮೇಲೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಆಮೇಲೆ ಉಳಿದದ್ದು ಚಂದನ ವಾಹಿನಿಯ ಪಾಠ ಮತ್ತು ಮೊಬೈಲು. ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ಊರುಗಳಲ್ಲಿ, ಇರುವ ಒಂದೇ ಫೋನನ್ನು ಅಪ್ಪ ಕೂಲಿಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗುವ ಮನೆಗಳಲ್ಲಿ, ಅದು ಎಷ್ಟು ಪಾಠವಾದೀತು?

ದೊಡ್ಡ ತರಗತಿಗಳು 2021ರ ಜನವರಿಯಲ್ಲಿ ಶುರುವಾಗಿ ಎರಡನೇ ಅಲೆಗೆ ಮತ್ತೆ ನಿಂತವು. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳು, ಹೆಚ್ಚುಕಡಿಮೆ ಎಲ್ಲರೂ ಪಾಸು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಮುಂದಿನ ವರ್ಷ ಇಲಾಖೆ ‘ಕಲಿಕಾ ಚೇತರಿಕೆ’ ಎಂಬ ಹೆಸರಿನಲ್ಲಿ ಬಿಟ್ಟುಹೋದದ್ದನ್ನು ತುಂಬಲು ಹೊರಟಿತು. ಆ ಹೊತ್ತಿಗೆ ಎಷ್ಟೋ ಹುಡುಗರು ಕೆಲಸಕ್ಕೆ, ಎಷ್ಟೋ ಹುಡುಗಿಯರು ಗಂಡನ ಮನೆಗೆ ಹೋಗಿದ್ದರು.

2020–21ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಕ್ಕಳು ಶಾಲೆಯ ಕೊಠಡಿಯೊಳಗೆ ಮೊದಲ ಬಾರಿಗೆ ಕೂತಾಗ ಎರಡನೇ ತರಗತಿಯಲ್ಲಿದ್ದರು. ಅವರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವುದು 2030ರಲ್ಲಿ.