ತಿಳಿ ಬಣ್ಣದ ಬಿಯರ್: ನೀರಿನ ಪಿಎಚ್ 7 ಇದ್ದರೆ ಸಾಕೇ?

ಮನೆಯಲ್ಲೇ ಬಿಯರ್ ತಯಾರಿಸುವ ಹಲವರು ಮೊದಲು ನೀರಿನ ಪಿಎಚ್ ಅಳೆಯುತ್ತಾರೆ. 7ರ ಆಸುಪಾಸು ಬಂದರೆ ನೀರು ಸರಿಯಿದೆ ಎಂದುಕೊಳ್ಳುತ್ತಾರೆ. ಇದು ತಪ್ಪು ತಿಳಿವಳಿಕೆ. ಆರ್‌ಒ ನೀರಿನ ಪಿಎಚ್ಚೂ ಬೋರ್‌ವೆಲ್ ನೀರಿನ ಪಿಎಚ್ಚೂ ಹೆಚ್ಚುಕಡಿಮೆ ಒಂದೇ ಇರಬಹುದು. ಬಿಯರ್ ಮಾತ್ರ ಬೇರೆ ಬೇರೆಯಾಗುತ್ತದೆ. ನೋಡಬೇಕಾದ್ದು ಕ್ಷಾರೀಯತೆಯನ್ನು, ಅಂದರೆ ಆಮ್ಲವನ್ನು ತಟಸ್ಥಗೊಳಿಸಲು ನೀರಿಗಿರುವ ಶಕ್ತಿಯನ್ನು. ಇದು ಮುಖ್ಯವಾಗಿ ಬೈಕಾರ್ಬೊನೇಟ್‌ನಿಂದ ಬರುತ್ತದೆ.

ಪುಡಿಮಾಡಿದ ಬಾರ್ಲಿ ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಸಿದಾಗ ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಹೊತ್ತಿನಲ್ಲಿ ಮಿಶ್ರಣದ ಪಿಎಚ್ 5.2ರಿಂದ 5.6ರೊಳಗೆ ಇರಬೇಕು. ಅದು ಹೆಚ್ಚಾದರೆ ಸಿಪ್ಪೆಯಿಂದ ಟ್ಯಾನಿನ್ ಇಳಿದು ಬಿಯರ್ ಒಗರಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಹುರಿದ ಕಪ್ಪು ಮಾಲ್ಟ್‌ನಲ್ಲಿ ಆಮ್ಲ ಹೆಚ್ಚು; ಬೈಕಾರ್ಬೊನೇಟ್ ತುಂಬಿದ ಡಬ್ಲಿನ್ ನೀರಿಗೆ ಕಪ್ಪು ಸ್ಟೌಟ್ ಒಗ್ಗಿದ್ದು ಅದಕ್ಕೇ. ತಿಳಿ ಮಾಲ್ಟ್‌ಗೆ ಆ ಬಲವಿಲ್ಲ. 1842ರಲ್ಲಿ ಯೋಸೆಫ್ ಗ್ರೋಲ್ ಬೊಹೆಮಿಯಾದ ಪಿಲ್ಸೆನ್‌ನಲ್ಲಿ ಚಿನ್ನದ ಬಣ್ಣದ ಲಾಗರ್ ತಯಾರಿಸಿದಾಗ, ಅಲ್ಲಿನ ನೀರಿನಲ್ಲಿ ಲವಣಗಳು ತೀರಾ ಕಡಿಮೆಯಿದ್ದುದು ನೆರವಾಯಿತು.

ಹಾಗಾದರೆ ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ನಡೆಯುತ್ತದೆಯೇ? ಇಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ಬೈಕಾರ್ಬೊನೇಟ್ ಹಾಗೇ ಉಳಿಯುತ್ತದೆ. ಬೇಕಾದ ಕ್ಯಾಲ್ಸಿಯಂ ಹೋಯಿತು, ಬೇಡದ್ದು ಉಳಿಯಿತು! ಅದಕ್ಕಿಂತ ಗಡಸು ನೀರನ್ನೇ ಕುದಿಸಿ, ತಳದಲ್ಲಿ ಕೂತ ಬಿಳಿ ಸುಣ್ಣವನ್ನು ಬಿಟ್ಟು ಮೇಲಿನ ನೀರು ಬಸಿದುಕೊಳ್ಳುವುದು ಮೇಲು. ಸಾಫ್ಟ್‌ನರ್ ನೀರನ್ನು ಎಷ್ಟು ಕುದಿಸಿದರೂ ಆ ಸುಣ್ಣ ಕೂರುವುದಿಲ್ಲ.

ಎಲ್ಲಕ್ಕಿಂತ ಸುಲಭವೆಂದರೆ ಆರ್‌ಒ ನೀರಿನಿಂದಲೇ ಶುರುಮಾಡುವುದು. 20 ಲೀಟರಿಗೆ ಆಹಾರ ದರ್ಜೆಯ ಜಿಪ್ಸಮ್ 2 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 2 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಕ್ಯಾಲ್ಸಿಯಂ ಮಾಲ್ಟ್‌ನ ಫಾಸ್ಫೇಟ್ ಜೊತೆ ಸೇರಿ ಪಿಎಚ್ ಸ್ವಲ್ಪ ಇಳಿಸುತ್ತದೆ. ಜಿಪ್ಸಮ್‌ನ ಸಲ್ಫೇಟ್ ಹಾಪ್ಸ್‌ನ ಕಹಿಯನ್ನು ಎತ್ತಿ ತೋರಿಸಿದರೆ, ಕ್ಲೋರೈಡ್ ಮಾಲ್ಟ್ ರುಚಿಯನ್ನು ತುಂಬಿಕೊಡುತ್ತದೆ. ಪಿಲ್ಸ್ನರ್ ಆದರೆ ಇದರ ಅರ್ಧವೇ ಸಾಕು.

ಮಾಲ್ಟ್ ಬೆರೆಸಿ ಹತ್ತು ಹದಿನೈದು ನಿಮಿಷವಾದ ಮೇಲೆ ಒಂದಿಷ್ಟು ತೆಗೆದು, ತಣ್ಣಗಾದ ನಂತರ ಪಿಎಚ್ ಅಳೆಯಿರಿ. 5.6 ಮೀರಿದ್ದರೆ ಲ್ಯಾಕ್ಟಿಕ್ ಆಮ್ಲವನ್ನು ಅರ್ಧ ಮಿಲಿಲೀಟರ್‌ನಷ್ಟೇ ಸೇರಿಸಿ, ಕಲಕಿ, ಮತ್ತೆ ನೋಡಿ. ಒಮ್ಮೆಲೇ ಸುರಿದರೆ ಹುಳಿಯಾಗುತ್ತದೆ, ಅದನ್ನು ತೆಗೆಯಲು ದಾರಿಯಿಲ್ಲ.