ಕೊಲೆಸ್ಟಿಯಾಟೋಮಾ: ಕಿವಿಯಲ್ಲಿ ದಾರಿತಪ್ಪಿದ ಚರ್ಮದ ಚರಿತ್ರೆ

ಕಿವಿಯ ನಾಳದಲ್ಲೋ ತಮಟೆಯ ಹಿಂದೆಯೋ ಚರ್ಮ ಪೊರೆಪೊರೆಯಾಗಿ ಉದುರಿ, ಹೊರಬರಲು ದಾರಿಯಿಲ್ಲದೆ ಗಂಟುಗಟ್ಟಿ, ಸುತ್ತಲ ಎಲುಬನ್ನು ತಿನ್ನುವ ರೋಗವೇ ಕೊಲೆಸ್ಟಿಯಾಟೋಮಾ. ಹೆಸರೇ ತಪ್ಪು. 1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲ್ಲರ್ ಮುತ್ತಿನಂತೆ ಹೊಳೆಯುವ ಈ ಗಂಟನ್ನು ಕೊಬ್ಬಿನ ಗೆಡ್ಡೆಯೆಂದು ಬಗೆದು ಹೀಗೆ ಕರೆದ. ಅದು ಕೊಬ್ಬೂ ಅಲ್ಲ, ಗೆಡ್ಡೆಯೂ ಅಲ್ಲ. ಕಿವಿಯ ಚರ್ಮ ತಮಟೆಯಿಂದ ಹೊರಬಾಗಿಲ ಕಡೆಗೆ ನಿಧಾನವಾಗಿ ಸರಿಯುತ್ತ, ಸತ್ತ ಪದರವನ್ನೂ ಗುಗ್ಗೆಯನ್ನೂ ತಾನೇ ಹೊರಹಾಕುತ್ತದೆ. ಆ ಸರಿತ ನಿಂತಲ್ಲಿ ಅಥವಾ ಒಳಮುಖವಾದಲ್ಲಿ ರೋಗ ಶುರು. ಆದ್ದರಿಂದ ಇದನ್ನು ಬೆಳವಣಿಗೆ ಎನ್ನುವುದಕ್ಕಿಂತ ಸ್ವಚ್ಛತೆಯ ಸೋಲು ಎನ್ನುವುದೇ ಸರಿ. ಚಿಕಿತ್ಸೆಯ ಚರಿತ್ರೆ ಈ ತಿಳಿವಳಿಕೆಯ ಹಿಂದೆಯೇ ನಡೆದಿದೆ.

ಸುಶ್ರುತಸಂಹಿತೆ 28 ಕಿವಿರೋಗಗಳನ್ನು ಎಣಿಸುವಾಗ ಸೋರುವ ಕರ್ಣಸ್ರಾವ, ನಾರುವ ಪೂತಿಕರ್ಣ, ಗಂಟಾಗುವ ಅರ್ಬುದಗಳನ್ನು ಬೇರೆಬೇರೆಯಾಗಿಯೇ ಇಟ್ಟಿತ್ತು. ನಾತದ ಸೋರಿಕೆಗೂ ಒಳಗಿನ ಚರ್ಮಕ್ಕೂ ಇರುವ ನಂಟು ಸ್ಪಷ್ಟವಾದದ್ದು 1888-90ರ ಸುಮಾರಿಗೆ: ನಾಳದ ಚರ್ಮ ತಮಟೆಯ ತೂತಿನ ಅಂಚಿನಿಂದ ಒಳನುಸುಳುತ್ತದೆ ಎಂದು ಕಿವಿವೈದ್ಯರಾದ ಹಾಬರ್ಮಾನ್ ಮತ್ತು ಬೆಟ್ಜೋಲ್ಡ್ ತೋರಿಸಿದರು. ನಾಳಕ್ಕಷ್ಟೇ ಸೀಮಿತವಾದ ಎರಡು ರೋಗಗಳನ್ನು ಬೇರ್ಪಡಿಸಲು ಮಾತ್ರ 1980ರವರೆಗೆ ಕಾಯಬೇಕಾಯಿತು. ಒಂದರಲ್ಲಿ ಉದುರಿದ ಚರ್ಮ ಇಡೀ ನಾಳವನ್ನು ಬಿರಡೆಯಂತೆ ಮುಚ್ಚುತ್ತದೆ, ಜೋರಾಗಿ ನೋಯುತ್ತದೆ. ತೆಗೆದು ಸ್ವಚ್ಛ ಮಾಡುತ್ತಿದ್ದರೆ ಸಾಕು. ಇನ್ನೊಂದರಲ್ಲಿ, ಅಂದರೆ ನಾಳದ ಕೊಲೆಸ್ಟಿಯಾಟೋಮಾದಲ್ಲಿ, ಒಂದೇ ಕಡೆ ಎಲುಬು ಸವೆದು ಕುಳಿ ಬೀಳುತ್ತದೆ.

ಕ್ಯಾನ್ಸರ್ ಅಲ್ಲವೆಂದಮೇಲೆ ಆಪರೇಷನ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ತಮಟೆಯ ಹಿಂದಿನ ರೋಗ ಮೊದಲು ಕೇಳಿಸುವ ಪುಟ್ಟ ಎಲುಬುಗಳನ್ನು ತಿನ್ನುತ್ತದೆ. ಮುಂದೆ ಮುಖದ ನರ, ತಲೆಸುತ್ತು, ಕೊನೆಗೆ ಮಿದುಳಿನ ಬಾವು. ಔಷಧಿಯ ಹನಿ ಸೋಂಕನ್ನು ಅಡಗಿಸಬಹುದು, ಸಿಕ್ಕಿಬಿದ್ದ ಚರ್ಮವನ್ನು ಕರಗಿಸಲಾರದು. ನಮ್ಮ ವೈದ್ಯರು ಇದನ್ನು ‘ಅನ್‌ಸೇಫ್ ಕಿವಿ’ ಎನ್ನುತ್ತ ಬಂದದ್ದು ಇದಕ್ಕೇ. 1873ರಲ್ಲಿ ಕಿವಿವೈದ್ಯ ಶ್ವಾರ್ಟ್ಸೆ ಕಿವಿಯ ಹಿಂದಿನ ಎಲುಬನ್ನು ತೆರೆಯುವ ಕ್ರಮವನ್ನು ವಿವರಿಸಿದ. 1953ರ ಟ್ಸೈಸ್ ಕಂಪನಿಯ ಸೂಕ್ಷ್ಮದರ್ಶಕ ಬಂದಮೇಲೆ ಜೀವ ಉಳಿಸುವುದರ ಜೊತೆಗೆ ಕೇಳುವ ಶಕ್ತಿಯನ್ನೂ ಉಳಿಸುವ ಮಾತು ಶುರುವಾಯಿತು.

ಹುಬ್ಬಳ್ಳಿ-ಧಾರವಾಡದಲ್ಲಿ ಈ ಚರಿತ್ರೆ ಒಂದು ಆಯ್ಕೆಯ ರೂಪದಲ್ಲಿ ಎದುರಾಗುತ್ತದೆ. 1957ರಲ್ಲಿ ಶುರುವಾದ, ಜನರು ಕಿಮ್ಸ್ ಎನ್ನುವ ಸರ್ಕಾರಿ ಕಾಲೇಜು ಆಸ್ಪತ್ರೆಗೂ 2003ರಲ್ಲಿ ಸತ್ತೂರಿನಲ್ಲಿ ಶುರುವಾದ ಎಸ್‌ಡಿಎಂ ಕಾಲೇಜಿಗೂ ಗದಗ, ಹಾವೇರಿಗಳ ಹಳ್ಳಿಗಳಿಂದಲೂ ಜನ ಬರುತ್ತಾರೆ. ನಾಳದ ಹಿಂಗೋಡೆಯನ್ನು ಉಳಿಸಿ ಆಪರೇಷನ್ ಮಾಡಿದರೆ ಕಿವಿಯ ಆಕಾರ ಕೆಡುವುದಿಲ್ಲ. ಆದರೆ ಗೋಡೆಯ ಮರೆಯಲ್ಲಿ ರೋಗ ಉಳಿದಿರಬಹುದು, ವರ್ಷದೊಳಗೆ ಇನ್ನೊಮ್ಮೆ ತೆರೆದೋ ಎಂಆರ್‌ಐ ಮಾಡಿಯೋ ನೋಡಬೇಕು. ಗೋಡೆ ತೆಗೆದರೆ ದೊಡ್ಡ ಕುಳಿ ಉಳಿಯುತ್ತದೆ, ಆದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಎರಡನೆಯದೇ ಹೆಚ್ಚು ವಿವೇಕದ್ದೆಂದು ನನ್ನ ವಾದ. ಬಡವರಿಗೆ ಹಳೆಯ ಕ್ರಮವನ್ನೇ ದಾಟಿಸುವುದಲ್ಲವೇ ಇದು ಎಂದು ಕೇಳಬಹುದು. ಕುಳಿಗೂ ವರ್ಷಕ್ಕೊಂದೆರಡು ಬಾರಿ ಸ್ವಚ್ಛತೆ ಬೇಕಲ್ಲ ಎಂದೂ ಕೇಳಬಹುದು, ಬೇಕೇ ಬೇಕು. ವ್ಯತ್ಯಾಸವಿರುವುದು ತಪ್ಪಿದಾಗ. ಬಿತ್ತನೆಯ ಹೊತ್ತಿನಲ್ಲಿ ನವಲಗುಂದದ ರೈತ ಸ್ವಚ್ಛತೆಗೆ ಬಾರದಿದ್ದರೆ ಕಿವಿ ಸೋರಿ, ನಾರಿ, ಅವನನ್ನು ಎಚ್ಚರಿಸೀತು. ಗೋಡೆಯ ಹಿಂದಿನ ರೋಗ ಸದ್ದಿಲ್ಲದೆ ಬೆಳೆಯುತ್ತದೆ, ಕಿವಿ ಒಣಗಿದೆಯೆಂದು ಅವನು ನೆಮ್ಮದಿಯಿಂದಿರುತ್ತಾನೆ.

ಈ ಲೆಕ್ಕ ಶಾಶ್ವತವಲ್ಲ. 1990ರ ದಶಕದಿಂದ ಎಂಡೋಸ್ಕೋಪ್ ಮೂಲೆಗಳನ್ನು ತೋರಿಸುತ್ತಿದೆ. ಕುಳಿಯನ್ನು ಎಲುಬಿನ ಪುಡಿಯಿಂದ, ಮೃದ್ವಸ್ಥಿಯಿಂದ ತುಂಬುವ ಕ್ರಮವೂ ಇದೆ. ಆದರೆ ಕುಂದಗೋಳ, ಕಲಘಟಗಿಯಂಥ ತಾಲ್ಲೂಕು ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕ, ಕಿವಿ ಹೀರುವ ಯಂತ್ರ, ಅದನ್ನು ಬಳಸಬಲ್ಲ ವೈದ್ಯರು ಇದ್ದರೆ, ಕುಳಿಯ ಸ್ವಚ್ಛತೆಗಾಗಿ ಯಾರೂ ಒಂದು ದಿನದ ಕೂಲಿ ಬಿಟ್ಟು ಹುಬ್ಬಳ್ಳಿಯ ಬಸ್ಸು ಹತ್ತಬೇಕಾಗುವುದಿಲ್ಲ.